ಎಷ್ಟು ಸಲ ಮುಖ ನೋಡಿದರು

ಮಾರ್ಚ್ 2, ಭಾನುವಾರ

ಇವತ್ತು ನನ್ನ ತಲೆಗೆ ಒಂದು ಕೆಲಸ ಕಟ್ಟಿದರು. ಆಗುವುದಿಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹವ್ಯಾಸಿ ಛಾಯಾಗ್ರಾಹಕರ ಸಂಘದಲ್ಲಿ ನನ್ನನ್ನು ಬಿಟ್ಟು ಇರುವುದು ಇಪ್ಪತ್ಮೂರು ಜನ. ಒಬ್ಬರು ಫೋಟೋ ತಿದ್ದುವುದು ಫೋನಿನಲ್ಲಿ, ಇನ್ನೊಬ್ಬರು ಅಳಿಯ ಹಾಕಿಕೊಟ್ಟ ಯಾವುದೋ ಓಬೀರಾಯನ ಕಾಲದ ಸಾಫ್ಟ್‌ವೇರಿನಲ್ಲಿ. ಮತ್ತೊಬ್ಬರು ತಿದ್ದುವುದೇ ಇಲ್ಲ, ಅರ್ಧ ತಲೆ ಕತ್ತರಿಸಿ ಹೋದವರನ್ನೂ ಹಾಗೇ ತಂದು ತೋರಿಸುತ್ತಾರೆ. ಒಬ್ಬರಿಗೆ ತೊಡಕಾದರೆ ಇನ್ನೊಬ್ಬರಿಗೆ ಬಿಡಿಸಲು ಬರುವುದಿಲ್ಲ. ಅದಕ್ಕೆ ನಮ್ಮ ಅಧ್ಯಕ್ಷರು ಎದ್ದು ನಿಂತರು. ರಸ್ತೆ ಇಲಾಖೆಯಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು, ಗಂಟಲು ಸರಿಮಾಡಿಕೊಳ್ಳದೆ ಒಂದು ಮಾತೂ ಆಡದವರು. ಎಲ್ಲರೂ ಒಂದೇ ಸಾಫ್ಟ್‌ವೇರ್ ಇಟ್ಟುಕೊಳ್ಳೋಣ, ಎಲ್ಲರ ಕೈಗೂ ಬಗ್ಗುವಂಥದ್ದು ಇರಲಿ, ಮೇ ನಾಲ್ಕರ ಪ್ರದರ್ಶನದ ಫೋಟೋಗಳೆಲ್ಲ ಅದರಲ್ಲೇ ತಯಾರಾಗಲಿ ಎಂದರು. ಎಲ್ಲರೂ ತಲೆಯಾಡಿಸಿದರು. ಆರಿಸುವವರು ಯಾರು ಎಂಬ ಮಾತು ಬಂದಾಗ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು.

“ಅಕ್ಕ ಇಪ್ಪತ್ತೆಂಟು ವರ್ಷ ಕಲರ್ ಲ್ಯಾಬಲ್ಲಿ ಇದ್ದೋರು. ಅವರ ಕಣ್ಣೇ ನಮ್ಮ ಸಂಘದ ಕಣ್ಣು,” ಅಂದರು ಅಧ್ಯಕ್ಷರು.

ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ. ಆದರೂ ಅವರು ಹೇಳಿದ್ದು ಸುಳ್ಳಲ್ಲ. ಒಂದು ಪ್ರಿಂಟಿನಲ್ಲಿ ಹಸಿರು ಕೂದಲೆಳೆಯಷ್ಟು ಹೆಚ್ಚಿದ್ದರೂ ನಾನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಆ ಕಣ್ಣೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದು ನನ್ನ ಹತ್ತಿರ ಬೇರೇನಿದೆ? ಹಾಡು ಬರುವುದಿಲ್ಲ, ಮಾತು ನಯವಿಲ್ಲ, ಅಡುಗೆಮನೆಗಂತೂ ತಂಗಿ ನನ್ನನ್ನು ಬಿಟ್ಟುಕೊಳ್ಳುವುದೇ ಇಲ್ಲ.

ಮಾರ್ಚ್ 5, ಬುಧವಾರ

ಮೂರು ಸಾಫ್ಟ್‌ವೇರ್ ಇಳಿಸಿಕೊಂಡಿದ್ದೇನೆ. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ನಾನೇ ಬೇರೆ ಹೆಸರಿಟ್ಟಿದ್ದೇನೆ. ತಿಂಗಳು ತಿಂಗಳು ಬಾಡಿಗೆ ಕೇಳುವವನು ಮಹಾರಾಜ. ಬಿಟ್ಟಿ ಸಿಗುವ, ಆದರೆ ಮುನ್ನೂರು ಗುಂಡಿಗಳನ್ನು ಒಟ್ಟಿಗೇ ಕಣ್ಣೆದುರು ಸುರಿಯುವವನು ಸಂತೆ. ಬರೀ ಆರು ಗುಂಡಿ ಇರುವವನು ಪಾಪದವನು.

ಮಹಾರಾಜನಿಂದ ಶುರು ಮಾಡಿದೆ. ಮೊದಲು ಇಮೇಲ್ ಕೊಡು ಎಂದ. ಆಮೇಲೆ ಪಾಸ್‌ವರ್ಡ್. ಅದರಲ್ಲಿ ಒಂದು ದೊಡ್ಡಕ್ಷರ ಇರಬೇಕಂತೆ, ಒಂದು ಅಂಕಿ ಇರಬೇಕಂತೆ, ಒಂದು ಚಿಹ್ನೆ ಬೇರೆ. ಎಲ್ಲ ಕೊಟ್ಟ ಮೇಲೆ ಫೋನಿಗೆ ಕಳಿಸಿದ ಸಂಖ್ಯೆ ಹಾಕು ಎಂದ. ಫೋನು ಅಡುಗೆಮನೆಯಲ್ಲಿತ್ತು, ತರುವಷ್ಟರಲ್ಲಿ ಹೊತ್ತು ಮೀರಿತು ಎಂದ. ನಾನು ಫೋಟೋ ತಿದ್ದಲು ಬಂದವಳೋ ಅವನ ಖಜಾನೆ ದೋಚಲು ಬಂದವಳೋ?

ಅಂತೂ ಒಳಗೆ ಬಿಟ್ಟ. ನಮ್ಮ ಹಿತ್ತಿಲ ಗೋಡೆಯ ಫೋಟೋ ತೆರೆದರೆ ಬಿಳಿ ಗೋಡೆಗೆ ಕಾಮಾಲೆ ಬಂದ ಹಾಗೆ ತೋರಿಸುತ್ತಿದ್ದಾನೆ. ಇಷ್ಟೆಲ್ಲ ಬಾಡಿಗೆ ಕೇಳುವವನಿಗೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಯೋಗ್ಯತೆ ಇಲ್ಲ. ತಂಗಿಯನ್ನು ಕರೆದು ತೋರಿಸಿದೆ.

“ಬೆಳ್ಳಗೇ ಇದೆಯಲ್ಲಕ್ಕ.”

“ನೀನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತೋಳು. ಕಿವಿ ವಿಷಯ ಬಂದಾಗ ನಿನ್ನ ಕೇಳ್ತೀನಿ. ಕಣ್ಣಿನ ವಿಷಯ ನನಗೆ ಬಿಡು.”

“ಸರಿ, ಬಿಟ್ಟೆ,” ಎಂದು ಹೋದಳು. ಅವಳು ಹಾಗೆ ಥಟ್ಟನೆ ಒಪ್ಪಿಕೊಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಮಾರ್ಚ್ 6, ಗುರುವಾರ

ಬಟ್ಟೆ ಸೋಪು ಬದಲಾಯಿಸಬೇಕು. ಟವೆಲ್ಲುಗಳೆಲ್ಲ ಹಳದಿಗೆ ತಿರುಗಿವೆ. ಅಂಗಡಿಯವನಿಗೆ ಹೇಳಿದರೆ ಹಲ್ಲು ಕಿರಿಯುತ್ತಾನೆ. ಎಲ್ಲದಕ್ಕೂ ಕಲಬೆರಕೆ.

ಮಾರ್ಚ್ 9, ಭಾನುವಾರ

ಒಂದು ಸಾಫ್ಟ್‌ವೇರ್ ಸುಲಭವೋ ಕಷ್ಟವೋ ಎಂದು ತಿಳಿಯಲು ನನ್ನದೇ ಒಂದು ದಾರಿ ಇದೆ. ಲ್ಯಾಬಿಗೆ ಹೊಸಬರು ಬಂದಾಗಲೂ ಹೀಗೇ ಮಾಡುತ್ತಿದ್ದೆ. ಕೆಲಸ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುವುದು. ಅವರು ಎಷ್ಟು ಸಲ ತಿರುಗಿ ನನ್ನ ಮುಖ ನೋಡುತ್ತಾರೋ ಚೀಟಿಯಲ್ಲಿ ಅಷ್ಟು ಗೆರೆ ಎಳೆಯುವುದು. ದಾರಿ ಗೊತ್ತಿದ್ದವರು ಯಂತ್ರ ನೋಡುತ್ತಾರೆ, ಗೊತ್ತಿಲ್ಲದವರು ಮುಖ ನೋಡುತ್ತಾರೆ.

ಇವತ್ತು ಟೈಲರ್ ಅವರನ್ನು ಮನೆಗೆ ಕರೆಸಿಕೊಂಡೆ. ಸಂಘದಲ್ಲಿ ಕಂಪ್ಯೂಟರಿಗೆ ಅತಿ ಹೆಚ್ಚು ಹೆದರುವವರು ಅವರೇ. ಅವರಿಗೆ ಆದರೆ ಎಲ್ಲರಿಗೂ ಆದ ಹಾಗೆ. ಮೂರು ಕೆಲಸ ಕೊಟ್ಟೆ. ವಾಲಿದ ಫೋಟೋವನ್ನು ನೆಟ್ಟಗೆ ಮಾಡಬೇಕು, ಕತ್ತಲಾದ ಮುಖಕ್ಕೆ ಬೆಳಕು ಕೊಡಬೇಕು, ಬೇಡದ ಅಂಚು ಕತ್ತರಿಸಬೇಕು. ಮಹಾರಾಜನ ಮುಂದೆ ಕೂತು ಹತ್ತೊಂಬತ್ತು ಸಲ ನನ್ನ ಮುಖ ನೋಡಿದರು. ಸಂತೆಯಲ್ಲಿ ಇಪ್ಪತ್ತಾರು ಸಲ, ನಡುವೆ ಒಮ್ಮೆ ಎದ್ದು ಹೊರಡಲಿಕ್ಕೇ ನೋಡಿದರು. ಪಾಪದವನ ಜೊತೆ ನಾಲ್ಕೇ ಸಲ. ಮುಗಿಯಿತಲ್ಲ, ಇನ್ನೇನು ಬೇಕು ಸಾಕ್ಷಿ?

ಅದೂ ಅಲ್ಲದೆ ಈ ಪಾಪದವನು ತಲೆ ತಿನ್ನುವುದಿಲ್ಲ. ಸಂತೆಯಲ್ಲಿ ಒಂದು ಫೋಟೋ ಉಳಿಸಬೇಕೆಂದರೆ ಐದು ಪ್ರಶ್ನೆಗೆ ಉತ್ತರ ಕೊಡಬೇಕು. ಮಹಾರಾಜ ಮೂಲ ಫೋಟೋ ಮುಟ್ಟಲು ಬಿಡುವುದಿಲ್ಲ, ನಾವು ಮಾಡಿದ್ದನ್ನೆಲ್ಲ ಪಕ್ಕದಲ್ಲಿ ಪಟ್ಟಿ ಹಾಕಿ ಕೂತಿರುತ್ತಾನೆ, ಗುಮಾಸ್ತನ ಹಾಗೆ. ಪಾಪದವನಲ್ಲಿ ‘ಉಳಿಸು’ ಅಂತ ಒಂದೇ ಗುಂಡಿ. ಒತ್ತಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ.

ಕೊನೆಗೆ ಟೈಲರ್ ತಮ್ಮ ಕ್ಯಾಮೆರಾದ ಕಾರ್ಡು ಕೊಟ್ಟರು. ಪ್ರದರ್ಶನಕ್ಕೆ ಅವರು ಕೊಡುವುದು ಅವರ ತಾಯಿಯ ಫೋಟೋ. ಅಂಗಡಿಯ ಕಿಟಕಿ ಪಕ್ಕ ಕೂತು ಬಿಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಾರೆ. ಮೈಮೇಲೆ ಮಗನೇ ಹೊಲಿದ ಇಟ್ಟಿಗೆ ಬಣ್ಣದ ಮೇಲಂಗಿ. ತೆಗೆದ ಎರಡು ತಿಂಗಳಿಗೆ ತಾಯಿ ತೀರಿಕೊಂಡರಂತೆ. ಫೋಟೋ ಬಹಳ ಚೆನ್ನಾಗಿದೆ, ಬೆಳಕು ಬಿದ್ದಿರುವ ರೀತಿಯಂತೂ ಹೇಳಿ ಮಾಡಿಸಿದ್ದು. ಆದರೆ ಮುಖವೆಲ್ಲ ಹಳದಿ.

“ಮೊದಲು ಕಂಪ್ಯೂಟರ್‌ಗೆ ಒಂದು ಕಾಪಿ ಹಾಕ್ಕೋ ಅಕ್ಕ,” ಎಂದಳು ಬಾಗಿಲಲ್ಲಿ ನಿಂತಿದ್ದ ತಂಗಿ.

“ಮೂರು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ,” ಎಂದು ಕಾರ್ಡಿನಿಂದಲೇ ತೆರೆದು ಹಳದಿ ತೆಗೆದೆ, ‘ಉಳಿಸು’ ಒತ್ತಿದೆ. ಟೈಲರ್ ತುಂಬ ಹೊತ್ತು ನೋಡಿದರು.

“ಹೀಗಾ ಅಕ್ಕ?”

“ಹೀಗೇ.”

“ಸರಿ. ನೀವು ಹೇಳಿದ ಮೇಲೆ ಇನ್ನೇನು.”

ಇಂಥ ವಿನಯ ಉಳಿದವರಿಗೂ ಇದ್ದಿದ್ದರೆ ಸಂಘ ಎಲ್ಲಿಗೋ ಹೋಗುತ್ತಿತ್ತು.

ಮಾರ್ಚ್ 16, ಭಾನುವಾರ

ಮೈ ಉರಿಯುತ್ತಿದೆ.

ಒಂದೊಂದು ಸಾಫ್ಟ್‌ವೇರಿಗೂ ಐದೈದು ಜನರನ್ನು ಕೂರಿಸಿ ಪರೀಕ್ಷೆ ಮಾಡಿ, ಗೆರೆ ಎಣಿಸಿ, ನೀಟಾಗಿ ಪಟ್ಟಿ ಬರೆದುಕೊಂಡು ಹೋಗಿದ್ದೆ. ಪಾಪದವನೇ ಗೆದ್ದಿದ್ದ. ಓದಿ ಮುಗಿಸುವಷ್ಟರಲ್ಲಿ ಹಲ್ಲಿನ ಡಾಕ್ಟರಮ್ಮ ಎದ್ದರು. ಅವರು ಹಕ್ಕಿಗಳ ಫೋಟೋ ತೆಗೆಯುವವರು, ವಯಸ್ಸು ನನ್ನ ಅರ್ಧ. ಮಾತು ಮಾತ್ರ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮೆತ್ತಗೆ.

“ಅಕ್ಕ ಪಟ್ಟ ಶ್ರಮ ದೊಡ್ಡದು. ಆದರೆ ನನಗೆ ಆ ಬಾಡಿಗೆಯದ್ದೇ ವಾಸಿ ಅನ್ಸುತ್ತೆ. ಅದರಲ್ಲಿ ಮೂಲ ಫೋಟೋ ಹಾಗೇ ಇರುತ್ತೆ. ಯಾರು ಯಾವಾಗ ಏನು ಮಾಡಿದ್ರು ಅಂತ ಪಟ್ಟಿ ಇರುತ್ತೆ. ಬೇಕಂದ್ರೆ ಹಿಂದಕ್ಕೆ ಹೋಗಬಹುದು.”

“ಹಿಂದಕ್ಕೆ ಹೋಗೋ ದಾರಿ ಇಟ್ಕೊಂಡು ಕೂತೋರು ಕೆಲಸ ಕಲಿಯಲ್ಲ ಡಾಕ್ಟ್ರೇ. ನಮ್ಮ ಲ್ಯಾಬಲ್ಲಿ ಕಾಗದ ಕೆಟ್ರೆ ಕೆಡ್ತು. ಅದಕ್ಕೇ ನಾವು ಕೆಡಿಸ್ತಿರ್ಲಿಲ್ಲ.”

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಅಕಸ್ಮಾತ್ ತಪ್ಪಾದ್ರೆ ಸರಿಮಾಡ್ಕೋಬಹುದಲ್ಲ ಅಂತ, ಅಷ್ಟೇ.”

“ಯಾರ ತಪ್ಪು?” ಎಂದೆ.

ಎಲ್ಲರೂ ನೆಲ ನೋಡಿದರು. ಕೈ ಎತ್ತಿಸಿದರೆ ಮಹಾರಾಜನಿಗೆ ಹದಿನಾಲ್ಕು, ಪಾಪದವನಿಗೆ ಆರು. ಕಾರಣ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಬ್ಬೊಬ್ಬರದು ಒಂದೊಂದು ಮಾತು. ಪಾಪದವನ ಮುಂದೆ ಕೂತು ಎರಡೇ ಸಲ ನನ್ನ ಮುಖ ನೋಡಿದ್ದ ಅಧ್ಯಕ್ಷರು ಮಹಾರಾಜನಿಗೆ ಕೈ ಎತ್ತುತ್ತಾರೆ ಎಂದರೆ ಏನರ್ಥ? ಏನೋ ಒಳಸಂಚು ನಡೆದಿದೆ.

ಆಮೇಲೆ ಯಾವ ಮುಖ ಇಟ್ಟುಕೊಂಡೋ, ಎಲ್ಲರ ಫೋಟೋಗಳನ್ನೂ ಮಹಾರಾಜನಲ್ಲಿ ಸಂಘದ ಒಂದೇ ಖಾತೆಗೆ ಹಾಕುತ್ತೇವೆ, ಬಣ್ಣ ಮಾತ್ರ ನೀವೇ ಸರಿಮಾಡಿ ಎಂದರು. ಬೇಡವೆಂದು ಎದ್ದು ಬರಬೇಕಿತ್ತು. ಹೂಂ ಎಂದುಬಿಟ್ಟೆ.

ಮಾರ್ಚ್ 22, ಶನಿವಾರ

ಇಪ್ಪತ್ತೆರಡು ಫೋಟೋ ಮುಗಿಸಿದೆ. ಟೈಲರದ್ದು ಮೊದಲೇ ಆಗಿತ್ತು. ಒಂದೇ ಒಂದು ಫೋಟೋ ಸರಿಯಾದ ಬಣ್ಣದಲ್ಲಿರಲಿಲ್ಲ. ಡಾಕ್ಟರಮ್ಮನ ಬಿಳಿ ಕೊಕ್ಕರೆ ಬೆಣ್ಣೆಯ ಬಣ್ಣ, ಅಧ್ಯಕ್ಷರ ಮಂಜು ಮುಸುಕಿದ ಸೇತುವೆ ಹೊಗೆ ಹಿಡಿದ ಅಡುಗೆಮನೆಯ ಬಣ್ಣ. ಇಪ್ಪತ್ತೆರಡು ಜನಕ್ಕೂ ಕ್ಯಾಮೆರಾ ಹಿಡಿಯಲು ಬರುವುದಿಲ್ಲ.

ನಡುವೆ ಒಮ್ಮೆ ಅನುಮಾನ ಬಂತು. ಸುಳ್ಳೇಕೆ, ಬಂತು. ಅದಕ್ಕೇ ಬೀರುವಿನಿಂದ ದೊಡ್ಡಮ್ಮನನ್ನು ತೆಗೆದೆ. ದೊಡ್ಡಮ್ಮ ಎಂದರೆ ಲ್ಯಾಬಿನ ಮಾದರಿ ಪ್ರಿಂಟು. ಒಬ್ಬ ಹೆಂಗಸು ಬೂದು ಬಣ್ಣದ ಚೌಕವೊಂದನ್ನು ಕೈಯಲ್ಲಿ ಹಿಡಿದು ನಿಂತಿರುವ ಫೋಟೋ. ಪ್ರತಿ ಬೆಳಿಗ್ಗೆ ಆ ನೆಗೆಟಿವ್‌ನಿಂದ ಹೊಸ ಪ್ರಿಂಟ್ ಹಾಕಿ, ಈ ಮಾದರಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಥರ ಕಂಡ ಮೇಲೇ ನಮ್ಮ ಕೆಲಸ ಶುರು. ದೊಡ್ಡಮ್ಮನ ಮುಖ ನೋಡಿದಿರಾ ಅಂತಲೇ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಲ್ಯಾಬು ಮುಚ್ಚಿದ ದಿನ ನಾನು ತಂದಿದ್ದು ಇದೊಂದನ್ನೇ. ಕಪ್ಪು ಲಕೋಟೆಯಲ್ಲಿ ಬೆಳಕು ತಾಗದ ಹಾಗೆ ಇಟ್ಟಿದ್ದೆ.

ಕಿಟಕಿಗೆ ಹಿಡಿದು ನೋಡಿದರೆ ಅವಳೂ ಹಳದಿಯಾಗಿದ್ದಾಳೆ. ಬೂದು ಚೌಕ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ಹನ್ನೊಂದು ವರ್ಷ ಕತ್ತಲಲ್ಲಿಟ್ಟರೂ ಕೆಟ್ಟಿತು ಎಂದರೆ ಕಾಗದವೇ ಕಳಪೆ ಇರಬೇಕು. ನಂಬಿಕೆಗೆ ಯೋಗ್ಯವಾದ ಒಂದು ವಸ್ತುವೂ ಈ ಲೋಕದಲ್ಲಿ ಉಳಿದಿಲ್ಲ. ಹಿಂಬದಿಯಲ್ಲಿ ‘ಹಳದಿಗೆ ತಿರುಗಿದೆ, ನಂಬಬಾರದು’ ಎಂದು ಬರೆದು, ತಾರೀಖು ಹಾಕಿ, ಕಸದ ಬುಟ್ಟಿಗೆ ಎಸೆದೆ.

“ನನ್ನ ಕಣ್ಣಿಗೆ ಸರಿಯಾಗೇ ಕಾಣ್ತಿದೆಯಲ್ಲಕ್ಕ ಇದು,” ಎಂದಳು ತಂಗಿ.

ಬುಟ್ಟಿಯ ಮುಚ್ಚಳ ಹಾಕಿದೆ. ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆ.

ಮಾರ್ಚ್ 25, ಮಂಗಳವಾರ

ಪೇಪರಿನವರು ಶಾಯಿ ಉಳಿಸಲು ಹೊರಟಿದ್ದಾರೆ, ಅಕ್ಷರ ಕಾಣುವುದೇ ಇಲ್ಲ. ಸಂಜೆ ರಸ್ತೆ ದಾಟುವಾಗ ಬಸ್ಸಿನ ದೀಪದ ಸುತ್ತ ಇಷ್ಟು ದೊಡ್ಡ ಪ್ರಭೆ. ಇಂಥ ದೀಪ ಹಾಕಲು ಅನುಮತಿ ಕೊಟ್ಟವರನ್ನು ರಸ್ತೆಯಲ್ಲಿ ನಿಲ್ಲಿಸಬೇಕು.

“ಅಕ್ಕ, ಒಂದ್ಸಲ ಕಣ್ಣಿನ ಡಾಕ್ಟ್ರ ಹತ್ರ ಹೋಗಿಬರೋಣ,” ಎಂದಳು.

ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಾರ್ಚ್ 27, ಗುರುವಾರ

ತಂಗಿ ಮಾತು ಬಿಟ್ಟಿದ್ದಾಳೆ. ಟೀ ಮಾತ್ರ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಬರುತ್ತದೆ, ಕುಕ್ಕಿದ ಸದ್ದಿನ ಜೊತೆ.

ಮಾರ್ಚ್ 30, ಭಾನುವಾರ

ಪ್ರಿಂಟುಗಳು ಬಂದವು. ಸಾಲಾಗಿ ಗೋಡೆಗೆ ಒರಗಿಸಿಟ್ಟಿದ್ದರು. ನಾನು ಒಂದು ವಾರ ಕೂತು ತೆಗೆದ ಹಳದಿ ಮತ್ತೆ ಅಷ್ಟಕ್ಕಷ್ಟೂ ಬಂದು ಕೂತಿದೆ. ನನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪ್ರಿಂಟ್ ಹಾಕುವವನನ್ನು ಅಲ್ಲೇ ಫೋನಿನಲ್ಲಿ ಹಿಡಿದು ಝಾಡಿಸಿದೆ. ಬಂದ ಫೈಲಿನಲ್ಲಿ ಇದ್ದದ್ದನ್ನೇ ಹಾಕಿದ್ದೇನೆ ಮೇಡಂ ಎಂದ. ಬಣ್ಣದ ಗಂಧವಿಲ್ಲದವರೆಲ್ಲ ಪ್ರಿಂಟ್ ಹಾಕಿದರೆ ಇದೇ ಗತಿ.

ಇಪ್ಪತ್ಮೂರರಲ್ಲಿ ಒಂದೇ ಒಂದು ನಾನು ಮಾಡಿದ ಹಾಗೆ ಬಂದಿತ್ತು, ಟೈಲರ್ ತಾಯಿಯದು. “ನೋಡಿ, ಇದು ಬಣ್ಣ ಅಂದ್ರೆ,” ಎಂದೆ. ಟೈಲರ್ ಅದನ್ನು ಪೇಪರಿನಲ್ಲಿ ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಅಕ್ಕ, ಬೇಜಾರು ಮಾಡ್ಕೋಬೇಡಿ. ಒಂದು ಸಲ ಕಣ್ಣು ತೋರಿಸಿಬಿಡಿ.”

“ನೀವು ಹಲ್ಲು ನೋಡ್ಕೊಳ್ಳಿ,” ಎಂದು ಹೇಳಿ ಬಂದೆ. ಬರುವಾಗ ಮೆಟ್ಟಿಲಲ್ಲಿ ಎಡವಿದೆ. ಕೊನೆಯ ಮೆಟ್ಟಿಲಿಗೆ ಯಾರೂ ಬಲ್ಬು ಹಾಕಿಲ್ಲ.

ಏಪ್ರಿಲ್ 1, ಮಂಗಳವಾರ

ತೀರ್ಮಾನ ಮಾಡಿದ್ದೇನೆ. ಕಣ್ಣಿನ ಡಾಕ್ಟರ ಹತ್ತಿರ ನಾಳೆಯೇ ಹೋಗುತ್ತೇನೆ. ಕಣ್ಣು ಸರಿ ಇದೆ ಅಂತ ಸಹಿ, ಮೊಹರು ಹಾಕಿಸಿಕೊಂಡು ತಂದು ಸಂಘದ ಬಾಗಿಲಿಗೆ ಅಂಟಿಸುತ್ತೇನೆ.

ಏಪ್ರಿಲ್ 2, ಬುಧವಾರ

ಪೊರೆ. ಎರಡೂ ಕಣ್ಣಿಗೆ.

ಏಪ್ರಿಲ್ 4, ಶುಕ್ರವಾರ

ಆ ಕಣ್ಣಿನ ಡಾಕ್ಟರು ಹುಡುಗಿಯ ಹಾಗಿದ್ದಾಳೆ. ಕಣ್ಣಿನೊಳಗಿನ ಮಸೂರ ಟೀ ಬಣ್ಣಕ್ಕೆ ತಿರುಗಿದೆಯಂತೆ. ಮೆಲ್ಲಮೆಲ್ಲಗೆ ಆಗುವುದರಿಂದ ಆದವರಿಗೆ ತಿಳಿಯುವುದಿಲ್ಲವಂತೆ, ಎರಡು ವರ್ಷದಿಂದಲೇ ಇದ್ದಿರಬಹುದಂತೆ. “ಈ ವಯಸ್ಸಲ್ಲಿ ಎಲ್ಲರಿಗೂ ಬರುತ್ತಮ್ಮ,” ಎಂದಳು. ಎಲ್ಲರಿಗೂ ಬರಲಿ, ನಾನು ಎಲ್ಲರ ಲೆಕ್ಕದವಳಲ್ಲ ಎಂದು ಕೂಗಬೇಕೆನಿಸಿತು. ಕಿವುಡರಾದ ಹಾಡುಗಾರರನ್ನು ಕಂಡು ಪಾಪ ಅನ್ನುತ್ತಾರೆ. ಬಣ್ಣದವಳ ಕಣ್ಣು ಹಾಳಾದರೆ ವಯಸ್ಸಾಯಿತು ಅನ್ನುತ್ತಾರೆ.

ಹದಿನಾರಕ್ಕೆ ಬಲಗಣ್ಣಿನ ಶಸ್ತ್ರಚಿಕಿತ್ಸೆ, ಎಡಗಣ್ಣು ಮುಂದಿನ ತಿಂಗಳು. ತಂಗಿ, “ನೋಡಿದೆಯಾ, ನಾನು ಹೇಳಲಿಲ್ಲವಾ,” ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಹನಿ ಹಾಕುವ ಹೊತ್ತನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಏಪ್ರಿಲ್ 17, ಗುರುವಾರ

ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರ ಕೋಟು ಬಿಳಿ. ಅವತ್ತು ಅದನ್ನು ಕೆನೆ ಬಣ್ಣದ್ದು ಅಂದುಕೊಂಡಿದ್ದೆ.

ಮನೆಗೆ ಬಂದು ಟವೆಲ್ಲು ನೋಡಿದೆ. ಅವೂ ಬಿಳಿ. ಸೋಪಿನವನಿಗೆ ಒಂದು ಕ್ಷಮೆ ಬಾಕಿ ಇದೆ, ಕೇಳುವುದಿಲ್ಲ. ಎಡಗಣ್ಣು ಮುಚ್ಚಿದರೆ ಹಿತ್ತಿಲ ಗೋಡೆ ಬೆಳ್ಳಗೆ, ಬಲಗಣ್ಣು ಮುಚ್ಚಿದರೆ ಟೀ ಚೆಲ್ಲಿದ ಹಾಗೆ. ಹತ್ತಿಪ್ಪತ್ತು ಸಲ ಹಾಗೆ ಮಾಡುತ್ತ ನಿಂತೆ.

ತಂಗಿ ಕಪ್ಪು ಲಕೋಟೆ ತಂದುಕೊಟ್ಟಳು. “ಅವತ್ತೇ ಬುಟ್ಟಿಯಿಂದ ತೆಗೆದಿಟ್ಟಿದ್ದೆ.” ದೊಡ್ಡಮ್ಮನ ಕೈಯಲ್ಲಿ ಬೂದು ಚೌಕ ಬೂದಾಗಿಯೇ ಇದೆ. ಹಿಂಬದಿ ನಾನು ಬರೆದ ಸಾಲು ಹೊಡೆದುಹಾಕಲು ಪೆನ್ನು ತೆಗೆದೆ. ಆಮೇಲೆ ಬಿಟ್ಟೆ. ಇರಲಿ.

ಏಪ್ರಿಲ್ 20, ಭಾನುವಾರ

ಇವತ್ತು ಮಹಾರಾಜನನ್ನು ತೆರೆದೆ. ನಾನು ತಿದ್ದಿದ್ದ ಕೊಕ್ಕರೆ ಹೇಗಿತ್ತು ಅಂತ ನೋಡಬೇಕಿತ್ತು. ಪಕ್ಕದ ಪಟ್ಟಿಯಲ್ಲಿ ಎಲ್ಲ ಬರೆದಿತ್ತು. ಮಾರ್ಚ್ 22ಕ್ಕೆ ನಾನು ಬಣ್ಣ ಬದಲಾಯಿಸಿದ್ದು, ಅದರ ಕೆಳಗೆ ಮಾರ್ಚ್ 24ಕ್ಕೆ ಹಲ್ಲಿನ ಡಾಕ್ಟರು ಅದನ್ನು ರದ್ದು ಮಾಡಿದ್ದು. ಸೇತುವೆ ತೆರೆದೆ, ಅಧ್ಯಕ್ಷರು ರದ್ದು ಮಾಡಿದ್ದರು. ಇಪ್ಪತ್ತೆರಡನ್ನೂ ತೆರೆದೆ. ಇಪ್ಪತ್ತೆರಡನ್ನೂ ಅವರವರೇ ರದ್ದು ಮಾಡಿಕೊಂಡಿದ್ದಾರೆ. ಹಿಂದಕ್ಕೆ ಹೋಗುವ ದಾರಿ ಯಾಕೆ ಬೇಕಿತ್ತು ಅಂತ ಈಗ ತಿಳಿಯಿತು. ನನ್ನ ಕೈಗೆ ಕೆಲಸ ಕೊಟ್ಟು, ಬೆನ್ನ ಹಿಂದೆ ಅಳಿಸಲಿಕ್ಕೆ.

ಹಳೆಯ ಸಿಟ್ಟೆಲ್ಲ ಒಟ್ಟಿಗೆ ಬಂತು. “ನಿನಗೂ ಗೊತ್ತಿತ್ತು ತಾನೇ,” ಎಂದು ತಂಗಿಯ ಮೇಲೆ ಹರಿಹಾಯ್ದೆ.

“ಗೊತ್ತಿತ್ತು. ಡಾಕ್ಟರಮ್ಮ ಫೋನ್ ಮಾಡಿದ್ರು. ಅಕ್ಕನ ಮನಸ್ಸು ನೋಯಿಸದ ಹಾಗೆ ಮಾಡಿ ಅಂತ ನಾನೇ ಹೇಳಿದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ನಾಲ್ಕು ಸಲ ಹೇಳಿದೆ ಕಣಕ್ಕ. ನಿನ್ನ ಡೈರಿಯಲ್ಲೇ ಇರಬೇಕು, ನೋಡ್ಕೋ.”

ನೋಡಿದೆ. ಗೋಡೆ ಬೆಳ್ಳಗಿದೆ ಎಂದದ್ದು ಒಂದು. ಕಾಪಿ ಹಾಕ್ಕೋ ಎಂದದ್ದು ಒಂದು. ದೊಡ್ಡಮ್ಮ ಸರಿ ಇದ್ದಾಳೆ ಎಂದದ್ದು ಒಂದು. ಡಾಕ್ಟರ ಹತ್ತಿರ ಹೋಗೋಣ ಎಂದದ್ದು ಒಂದು. ನಾಲ್ಕೂ ನನ್ನ ಅಕ್ಷರದಲ್ಲೇ ಇವೆ.

ಎರಡನೆಯದನ್ನು ಮತ್ತೊಮ್ಮೆ ಓದಿದೆ. ಟೈಲರದ್ದನ್ನು ರದ್ದು ಮಾಡಲು ಬರುವುದಿಲ್ಲ. ಅದನ್ನು ಮಾಡಿದ್ದು ಪಾಪದವನಲ್ಲಿ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆಯೇ ಟೈಲರ್ ಅಂಗಡಿಗೆ ಹೋದೆ. ಕತ್ತರಿಸುವ ಮೇಜಿನ ಮೇಲ್ಗಡೆ ಗೋಡೆಗೆ ಹಾಕಿದ್ದಾರೆ, ಕಟ್ಟು ಹಾಕಿಸಿ. ಇಟ್ಟಿಗೆ ಬಣ್ಣದ ಮೇಲಂಗಿ ನೇರಳೆಯಾಗಿದೆ. ಕೈಯಲ್ಲಿರುವ ಬಿಳಿ ಅಂಗಿ ನೀಲಿ. ಮುಖದ ಬಣ್ಣ ಹೇಗಿದೆ ಎಂದು ಬರೆಯಲು ಮನಸ್ಸಾಗುತ್ತಿಲ್ಲ. ಬದುಕಿದ್ದಾಗ ತೆಗೆದ ಫೋಟೋ ಅದು. ನೋಡಿದರೆ ಬದುಕಿದ್ದವರ ಬಣ್ಣವಲ್ಲ.

ನನ್ನ ಕಣ್ಣು ಕೆಟ್ಟಿತ್ತು, ನಾನು ಕೆಡಿಸಿದೆ ಎಂದು ನಿಂತುಕೊಂಡೇ ಹೇಳಿದೆ. ಮೂಲ ಎಲ್ಲಾದರೂ ಇದೆಯಾ ಎಂದು ಕೇಳಿದೆ.

“ಇಲ್ಲ ಅಕ್ಕ. ಆ ಕಾರ್ಡಲ್ಲಿ ಇದ್ದದ್ದು ಅದೊಂದೇ. ಮೀಟಿಂಗಿಗೆ ಮೊದಲೇ ಡಾಕ್ಟರಮ್ಮನಿಗೆ ತೋರಿಸಿದ್ದೆ, ಅವರೂ ಕೇಳಿದ್ರು.”

“ಅವತ್ತೇ ಗೊತ್ತಾಗ್ಲಿಲ್ವಾ ನಿಮಗೆ? ನಿಮ್ಮ ತಾಯಿಯ ಮುಖ. ನನಗೆ ಎರಡು ಬೈಯೋದಲ್ವಾ?”

ಅವರು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. “ಅಮ್ಮ ಹೀಗಿರ್ಲಿಲ್ವಲ್ಲ ಅನ್ನಿಸ್ತು. ಆದ್ರೆ ನೀವು ಇಪ್ಪತ್ತೆಂಟು ವರ್ಷ ಬಣ್ಣ ನೋಡಿದೋರು. ಅಮ್ಮ ಹೋಗಿ ಆರು ತಿಂಗಳಾಯ್ತು, ನನಗೇ ಮರೆತುಹೋಗಿದೆಯೇನೋ ಅಂದ್ಕೊಂಡೆ. ಅದಕ್ಕೇ ಇಲ್ಲಿ ಹಾಕ್ಕೊಂಡೆ. ದಿನಾ ನೋಡಿದ್ರೆ ಹೀಗಿದ್ದಿದ್ದೇ ನೆನಪಾಗುತ್ತೆ ಅಂತ.”

ಹೇಗೆ ಮನೆಗೆ ಬಂದೆನೋ.

ಏಪ್ರಿಲ್ 23, ಬುಧವಾರ

ನನ್ನ ಮೇಲೆ ನನಗೆ ಬರುತ್ತಿರುವ ಸಿಟ್ಟನ್ನು ಎಲ್ಲಿ ಇಡಲಿ? ಮಹಾರಾಜನ ಮೇಲೆ ಹಾಕೋಣವೆಂದರೆ ಅವನೇ ಸರಿ ಇದ್ದ. ಪಾಪದವನನ್ನು ಬೈಯೋಣವೆಂದರೆ ಅವನು ನಾನು ಹೇಳಿದ್ದನ್ನೇ ಮಾಡಿದ. ಸುಲಭವಾದ ಸಾಫ್ಟ್‌ವೇರ್ ಯಾವುದು ಅಂತ ಕೇಳಿದರೆ ತಪ್ಪು ಮಾಡುವುದು ಯಾವುದರಲ್ಲಿ ಸುಲಭ ಅಂತ ಗೆರೆ ಎಳೆದುಕೊಂಡು ಕೂತಿದ್ದೆ ನಾನು. ಅಧ್ಯಕ್ಷರಿಗೆ ಫೋನ್ ಮಾಡಿ ನಿಮ್ಮ ಆಯ್ಕೆಯೇ ಸರಿ ಎಂದೆ. ಗಂಟಲು ಸರಿಮಾಡಿಕೊಂಡರು, ಮಾತು ಬರಲಿಲ್ಲ.

ಕೆಟ್ಟ ಫೈಲನ್ನೇ ಮಹಾರಾಜನಲ್ಲಿ ಹಾಕಿಕೊಂಡು ಎರಡು ದಿನದಿಂದ ಎಳೆಯುತ್ತಿದ್ದೇನೆ. ನೀಲಿ ಹೋಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂಬುದು ತಿಳಿಯುವುದಿಲ್ಲ. ಆ ತಾಯಿಯನ್ನು ನಾನು ಒಮ್ಮೆಯೂ ಕಂಡವಳಲ್ಲ. ಇಷ್ಟು ದಿನ ಯಾರ ಮುಖವನ್ನೂ ಕಾಣದೆಯೇ ಎಲ್ಲರ ಬಣ್ಣವೂ ನನಗೆ ಗೊತ್ತು ಅಂದುಕೊಂಡಿದ್ದೆನಲ್ಲ.

ಟೈಲರಿಗೆ ಫೋನ್ ಮಾಡಿ, ಆ ಮೇಲಂಗಿ ಇದೆಯಾ ಎಂದು ಕೇಳಿದೆ. ಅಮ್ಮನ ಜೊತೆಯೇ ಕಳಿಸಿಬಿಟ್ಟೆವು ಎಂದರು. ಆಮೇಲೆ ತಾವೇ, “ಅದರ ತುಂಡು ಇರಬಹುದು. ಹೊಲಿದ ಬಟ್ಟೆದೆಲ್ಲ ಒಂದೊಂದು ಚೂರು ಇಟ್ಕೋತೀನಿ, ಮುಂದೆ ತೇಪೆ ಹಾಕೋಕೆ ಬೇಕಾಗುತ್ತೆ ಅಂತ,” ಎಂದರು.

ಏಪ್ರಿಲ್ 26, ಶನಿವಾರ

ಟೈಲರ್ ಹತ್ತು ಗಂಟೆಗೆ ಬಂದರು. ಅಂಗೈಯಗಲದ ಇಟ್ಟಿಗೆ ಬಣ್ಣದ ತುಂಡು, ಅಂಗಿಗೆ ಹಚ್ಚುತ್ತಿದ್ದಂಥದೇ ಒಂದು ಬಿಳಿ ಗುಂಡಿ ತಂದಿದ್ದರು. ಕಂಪ್ಯೂಟರನ್ನು ಕಿಟಕಿ ಹತ್ತಿರ ಎಳೆದುಕೊಂಡೆವು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಮೊದಲು ಕಾಪಿ ಹಾಕಿಕೊಂಡೆ, ತಂಗಿ ಏನೂ ಅನ್ನಲಿಲ್ಲ. ಗುಂಡಿಯನ್ನು ಪರದೆಯ ಪಕ್ಕದಲ್ಲಿ ಹಿಡಿದು ಅಂಗಿ ಬಿಳಿಯಾಗುವವರೆಗೆ ಎಳೆದೆ. ಆಮೇಲೆ ಬಟ್ಟೆಯ ತುಂಡು ಹಿಡಿದು ನೇರಳೆಯನ್ನು ಇಟ್ಟಿಗೆಗೆ ತಂದೆ. ಬಟ್ಟೆ ಸರಿಯಾದ ಹಾಗೆ ಮುಖವೂ ಹಿಂದೆಯೇ ಬಂತು, ಮುಕ್ಕಾಲು ಭಾಗ.

“ಕೆನ್ನೆಯ ಕೆಂಪು ಸ್ವಲ್ಪ ಹೋಗೇಬಿಟ್ಟಿದೆ. ನಾನೇ ಕಳೆದಿದ್ದು. ಪೂರ್ತಿ ಬರಲ್ಲ,” ಎಂದೆ.

“ಎಷ್ಟು ಬರುತ್ತೋ ನೋಡೋಣ ಅಕ್ಕ.”

ಒಂದು ಚೂರು ಜಾಸ್ತಿ ಮಾಡುವುದು, ಅವರ ಮುಖ ನೋಡುವುದು. ಒಂದು ಚೂರು ಕಡಿಮೆ ಮಾಡುವುದು, ಅವರ ಮುಖ ನೋಡುವುದು. ಅವರು ಮೊದಮೊದಲು ನೀವೇ ಹೇಳಿ ಎಂದರು. ಆಮೇಲೆ “ಅಷ್ಟಿಲ್ಲ” ಎಂದರು. “ಇನ್ನೂ ಸ್ವಲ್ಪ ಕಪ್ಪಿದ್ರು” ಎಂದರು. “ಹಿಂದೆ ಬನ್ನಿ, ಹಿಂದೆ ಬನ್ನಿ.” ಹನ್ನೆರಡರ ಹೊತ್ತಿಗೆ ಅವರ ಕೈ ಮೇಜಿನ ಮೇಲೆ ನಿಂತಿತು.

“ಇಲ್ಲಿ ನಿಲ್ಸಿ.”

ನಿಲ್ಲಿಸಿದೆ. ಅವರು ಬಟ್ಟೆಯ ತುಂಡನ್ನು ಮಡಚುತ್ತ ಮಡಚುತ್ತ ತುಂಬ ಹೊತ್ತು ನೋಡಿದರು.

“ನನಗೆ ಮರ್ತಿರ್ಲಿಲ್ಲ,” ಎಂದರು.

ಅವರು ಹೋದ ಮೇಲೆ ತಂಗಿ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದಳು. ಗೆರೆಗಳು. ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳಂತೆ. ನಾನು ಟೈಲರ್ ಮುಖ ನೋಡಿದ್ದು ಮೂವತ್ತೊಂದು ಸಲ. ಇವಳಿಗೆ ಎಣಿಸಲು ಯಾರು ಹೇಳಿದ್ದರೋ. ಅದೂ ತಪ್ಪು ಲೆಕ್ಕ, ಅದಕ್ಕಿಂತ ಹೆಚ್ಚೇ ನೋಡಿದ್ದೇನೆ.